ಚಂದ್ರಿಕೆ ಮೇಲೆ ಕೂತ ನಮ್ಮತ್ತೆ

ಹೋದ ತಿಂಗಳು ನಮ್ಮತ್ತೆ ಒಂದು ಹುಳಕ್ಕೆ ಪೂಜೆ ಮಾಡಿದರು. ಮಂಗಳಾರತಿ ಮುಗಿಯೋ ಹೊತ್ತಿಗೆ ಹುಳ ಎದ್ದು ಹೋಯಿತು.

ನಗಬೇಡಿ. ಆ ಹುಳದ ಮೇಲೆ ಎರಡು ಮನೆಯ ಬೆಳೆ, ಒಂದು ಹುಡುಗಿಯ ಓದು, ಜೊತೆಗೆ ನನ್ನ ಮರ್ಯಾದೆ ಎಲ್ಲ ನಿಂತಿತ್ತು. (ನನ್ನ ಮರ್ಯಾದೆ ಹುಳದ ಮೇಲೆ ನಿಲ್ಲುವ ಮಟ್ಟಕ್ಕೆ ಯಾವಾಗ ಬಂತು ಅಂತ ಕೇಳಬೇಡಿ. ಮದುವೆಯಾದಾಗಿನಿಂದ ಹಾಗೇ ಇದೆ.)

ಮೊದಲಿಂದ ಹೇಳ್ತೀನಿ. ನಮ್ಮೆಜಮಾನ್ರು ಬಿಡದಿಯಲ್ಲಿ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡ್ತಾರೆ. ನಾನು ರಾಮನಗರದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡ್ತೀನಿ. ಅತ್ತೆ ಮಾತ್ರ ಊರು ಬಿಟ್ಟು ಬರಲ್ಲ. ಊರು ಅಂದರೆ ಮಾಗಡಿಯಿಂದ ಕಲ್ಯದ ಕಡೆ ಹೋಗೋ ದಾರಿಯಲ್ಲಿ ಸಿಗುವ ಹಳ್ಳಿ. ಇದ್ದಕ್ಕಿದ್ದಂತೆ ಈ ವರ್ಷ ನಮ್ಮೆಜಮಾನ್ರಿಗೆ ಮಣ್ಣಿನ ಸೆಳೆತ ಶುರುವಾಯಿತು. ಮೊಬೈಲ್‌ನಲ್ಲಿ ಯಾರೋ ಟೈ ಕಟ್ಟಿಕೊಂಡು ರೇಷ್ಮೆ ಬೆಳೆದು ಉದ್ಧಾರವಾದ ವಿಡಿಯೋ ನೋಡಿದ್ದರಂತೆ. ‘ಅಪ್ಪನ ಕಾಲದ ಹುಳದ ಮನೆ ಸುಮ್ನೆ ಬಿದ್ದಿದೆ. ಹಿಪ್ಪುನೇರಳೆ ತೋಟವೂ ಇದೆ. ಹುಳ ಮೇಯಿಸೋಣ’ ಅಂದರು.

‘ಮೇಯಿಸೋರು ಯಾರು?’ ಅಂದೆ.

‘ಅಮ್ಮ ಇದ್ದಾರಲ್ಲ, ಹೇಗೂ ನಿನಗೂ ರಜ’ ಅಂದರು. ವಿಡಿಯೋದಲ್ಲಿದ್ದ ಟೈ ಕಟ್ಟಿದವನ ಹೆಂಡತಿಯನ್ನೂ ಒಂದು ಸಲ ತೋರಿಸಬೇಕಿತ್ತು, ನೋಡಿ.

ರೇಷ್ಮೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಈ ಹುಳ ಹಗಲೂ ರಾತ್ರಿ ಸೊಪ್ಪು ತಿಂದೂ ತಿಂದೂ, ಒಂದು ದಿನ ‘ಸಾಕಪ್ಪಾ’ ಅಂತ ತಲೆ ಎತ್ತುತ್ತೆ. ಮೈ ಹಳದಿಗೆ ತಿರುಗುತ್ತೆ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವ ಹಾಗಿರುತ್ತೆ. ಅದಕ್ಕೆ ಹುಳ ಹಣ್ಣಾಯಿತು ಅಂತಾರೆ. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆ ಮೇಲೆ ಬಿಡಬೇಕು. ಚಂದ್ರಿಕೆ ಅಂದರೆ ಬಾಗಿಲಗಲದ ಬಿದಿರಿನ ಚಾಪೆ, ಅದರ ಮೇಲೆ ಸುರುಳಿ ಸುತ್ತಿದ ಬಿದಿರಿನ ಪಟ್ಟಿ. ಆ ಸುರುಳಿಯ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತೆ. ಹೊತ್ತಿಗೆ ಸರಿಯಾಗಿ ಚಂದ್ರಿಕೆ ಸಿಗದಿದ್ದರೆ ಅದು ಕಾಯಲ್ಲ. ಗೋಡೆ, ಸೊಪ್ಪು, ನೆಲ ಅಂತ ಕಂಡಕಂಡಲ್ಲಿ ನೂಲು ಸುರಿದು ಕೂರುತ್ತೆ. ತಿಂಗಳ ದುಡಿಮೆ ಅರ್ಧ ದಿನದಲ್ಲಿ ಹೋಯಿತು ಅಂತಲೇ ಲೆಕ್ಕ.

ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಮನೆಮನೆಯಲ್ಲೂ ಹುಳ ಇತ್ತಂತೆ. ಆಗ ಎಲ್ಲರೂ ಸೇರಿ ಮಾಡಿಸಿದ ಚಂದ್ರಿಕೆಗಳು ಮಾರಮ್ಮನ ಗುಡಿ ಹಿಂದಿನ ಶೆಡ್‌ನಲ್ಲಿವೆ. ಮುರಿದದ್ದು, ಗೆದ್ದಲು ತಿಂದದ್ದು ಕಳೆದು ಈಗ ಒಂದು ಮನೆಯ ಬೆಳೆಗೆ ಸಾಲುವಷ್ಟು ಉಳಿದಿವೆ. ಅದಕ್ಕೊಂದು ನಿಯಮ. ಯಾರ ಮನೆಯಲ್ಲಿ ಮೊದಲು ಹಣ್ಣು ಕಾಣುತ್ತೋ ಅವರು ಒಂದು ಚಂದ್ರಿಕೆಗೆ ಅರಿಶಿನ ಕುಂಕುಮ ಇಟ್ಟು, ಅದರ ಮೇಲೆ ಒಂದು ಹಣ್ಣು ಹುಳ ಬಿಟ್ಟು, ಕಾಯಿ ಒಡೆಯಬೇಕು. ಒಡೆದರೆ ಗೂಡು ಬಿಡಿಸುವ ತನಕ ಅಷ್ಟೂ ಚಂದ್ರಿಕೆ ಅವರದು.

ಇದಕ್ಕೆ ಜಗಳ ಆಗಲ್ಲವಾ? ಆಗಲ್ಲ. ಹುಳ ತರುವ ಮೊದಲೇ ‘ನೀವ್ ಯಾವತ್ತು ತತ್ತೀರಿ?’ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು ಹಿಂದೆ ಮುಂದೆ ಮಾಡಿಕೊಳ್ತಾರೆ. ಕೇಳಬೇಕು ಅಂದರೆ ಮಾತಾಡಬೇಕು. ಸಮಸ್ಯೆ ಅಲ್ಲೇ ಇರೋದು.

ಈಗ ನಮ್ಮ ಬೀದಿಯಲ್ಲಿ ಹುಳ ಮೇಯಿಸೋದು ನಾವು ಮತ್ತು ಎದುರು ಮನೆಯ ಜಯಮ್ಮಕ್ಕ. ನಮ್ಮತ್ತೆಗೂ ಜಯಮ್ಮಕ್ಕನಿಗೂ ಮಾತಿಲ್ಲ. ಬಹಳ ಹಿಂದೆ ನಮ್ಮತ್ತೆಯ ಕೋಳಿಯೊಂದು ಜಯಮ್ಮಕ್ಕನ ಹುಲ್ಲಿನ ಮೆದೆಯಲ್ಲಿ ಕದ್ದು ಮೊಟ್ಟೆಯಿಟ್ಟು, ಅಲ್ಲೇ ಕಾವು ಕೂತು, ಮರಿ ಮಾಡಿತ್ತು. ಮರಿ ಕೋಳಿಯವರದಾ, ಮೆದೆಯವರದಾ? ಪಂಚಾಯ್ತಿ ಆದರೂ ತೀರ್ಮಾನ ಆಗಲಿಲ್ಲ. ಕೋಳಿ ಯಾವಾಗಲೋ ಸತ್ತಿತು. ಮರಿಗಳೂ ಸಾರಾಗಿ ಹೋದವು. ಜಗಳ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಹೀಗಾಗಿ ಯಾರೂ ಯಾರನ್ನೂ ಕೇಳಲಿಲ್ಲ. ನಮ್ಮೆಜಮಾನ್ರು ತಮ್ಮ ವಾರದ ರಜೆ ನೋಡಿಕೊಂಡು ಭಾನುವಾರ ಮರಿಹುಳ ತಂದರು. ನಮ್ಮ ಆಟೋ ಬೀದಿಗೆ ತಿರುಗಿದರೆ ಹಿಂದೆಯೇ ಇನ್ನೊಂದು ಆಟೋ. ಅದರಲ್ಲಿ ಜಯಮ್ಮಕ್ಕ, ಅದೇ ಅಂಗಡಿಯ ಟ್ರೇ, ಅದೇ ವಯಸ್ಸಿನ ಹುಳ!

ಅತ್ತೆ ಜಗಲಿ ಮೇಲಿಂದ ಎರಡೂ ಆಟೋ ನೋಡಿದರು. ‘ಕೆಟ್ಟೋಯ್ತು’ ಅಂದರು. ಮತ್ತೆ ಎಲೆಗೆ ಸುಣ್ಣ ಸವರೋಕೆ ಶುರು ಮಾಡಿದರು.

ಬೇರೆ ಊರಿಂದ ಚಂದ್ರಿಕೆ ಬಾಡಿಗೆಗೆ ತರೋಣ ಅಂದರೆ ನಮ್ಮ ಹುಳ ಹಣ್ಣಾಗೋ ವಾರವೇ ಸುತ್ತಮುತ್ತ ಎಲ್ಲರ ಮನೆಯಲ್ಲೂ ಹಣ್ಣು. ಕನಕಪುರದ ಕೋಡಿಹಳ್ಳಿಯಲ್ಲಿರೋ ನನ್ನ ಚಿಕ್ಕಪ್ಪನ ತನಕ ಫೋನ್ ಮಾಡಿದೆ. ‘ನಮ್ದೇ ಸಾಲ್ದೆ ಮಂಚದ ಕೆಳಗೆಲ್ಲ ಬುಟ್ಟಿದ್ದೀವಿ ಕಣವ್ವ’ ಅಂದುಬಿಟ್ಟರು.

ಇದರ ಮೇಲೆ ನನ್ನದೂ ಒಂದು ಸೇವೆ ಆಯಿತು. ಸೆಕೆ ಅಂತ ಹುಳದ ಮನೆಗೆ ಟೇಬಲ್ ಫ್ಯಾನ್ ಇಟ್ಟೆ. ಹುಳ ತಂಪಾಗಿ, ಆರಾಮಾಗಿ, ನಮ್ಮ ಮದುವೆ ಮನೆ ನೆಂಟರ ಹಾಗೆ ತಿಂತಾ ಕೂತವು. ಎದುರು ಮನೆಯಲ್ಲಿ ಫ್ಯಾನ್ ಇಲ್ಲ. ಅಲ್ಲಿನವು ಚುರುಕಾಗಿ ತಿಂದು ಬೆಳೀತಿದ್ದವು.

ಪೂಜೆಯ ದಿನ ಬೆಳಗ್ಗೆ ಎದ್ದು ನೋಡ್ತೀನಿ, ಅತ್ತೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಕಾಯಿ ಹಿಡಿದು ಹೊರಟಿದ್ದಾರೆ. ಇನ್ನೊಂದು ಕೈಯಲ್ಲಿ ಸೊಪ್ಪಿನ ಮೇಲೆ ಒಂದೇ ಒಂದು ಹುಳ.

‘ಅತ್ತೆ, ಇದು ಹಣ್ಣಾಗಿದ್ಯಾ?’

‘ಆಯ್ತದೆ ಬುಡು.’

‘ಆಯ್ತದೆ ಅಂದ್ರೆ?’

‘ನಾವು ಚಂದ್ರಿಕೆ ಹೊತ್ಕೊಂಡ್ ಬರೋಗಂಟ ಆಯ್ತದೆ! ನಡಿ, ಊದ್ಗಡ್ಡಿ ತಕಾ.’

ಶೆಡ್ಡಿನ ಬೀಗದ ಕೈ ಇರೋದು ಬೀದಿಯ ಹಿರಿಯರಾದ ನಂಜಪ್ಪನವರ ಹತ್ತಿರ. ಹುಳ ಹಣ್ಣೋ ಕಾಯೋ ಅಂತ ತೀರ್ಪು ಕೊಡೋರೂ ಅವರೇ. ಕಣ್ಣಿಗೆ ಪೊರೆ ಬಂದು ಆಪರೇಷನ್‌ಗೆ ಹೆದರಿ ಕೂತಿದ್ದಾರೆ. ಹುಳವನ್ನ ಸೂರ್ಯನ ಕಡೆ ಎತ್ತಿ ಹಿಡಿದು, ಬಹಳ ಹೊತ್ತು ನೋಡಿ, ‘ಪಸಂದಾಗೈತೆ ಕಣವ್ವ. ಚಿನ್ನ, ಚಿನ್ನ!’ ಅಂದರು. (ಈಗ ಅವರ ಕಣ್ಣಿಗೆ ಕಾಣೋದೆಲ್ಲ ಹಳದಿಯೇ. ನನ್ನ ನೀಲಿ ಚೂಡಿದಾರವನ್ನೂ ಹಳದಿ ಅಂತ ಹೊಗಳಿದ್ದಾರೆ.)

ಕಾಯಿ ಒಡೆಯಿತು. ಚಂದ್ರಿಕೆಗೆ ಇಟ್ಟ ಕುಂಕುಮ ಒಂಚೂರು ಹುಳದ ಬೆನ್ನಿಗೂ ಉದುರಿತು. ಅತ್ತೆ ಕಣ್ಣುಮುಚ್ಚಿ ಕೈ ಮುಗಿದರು. ಕಣ್ಣು ಬಿಟ್ಟಾಗ ಹುಳ ಚಂದ್ರಿಕೆಯ ಅಂಚು ದಾಟಿ ಅವರು ತಂದಿದ್ದ ಸೊಪ್ಪಿನ ಕಡೆ ಹೊರಟಿತ್ತು. ಪಾಪ, ಅದಕ್ಕಿನ್ನೂ ಹೊಟ್ಟೆ ತುಂಬಿರಲಿಲ್ಲ. ಅತ್ತೆ ಎತ್ತಿ ವಾಪಸ್ ಬಿಟ್ಟರು. ಮತ್ತೆ ಇಳಿಯಿತು. ಮತ್ತೆ ಬಿಟ್ಟರು. ಅದು ಬೆನ್ನ ಮೇಲೆ ಕುಂಕುಮ ಹೊತ್ತುಕೊಂಡೇ ಕರಕರ ಅಂತ ಎಲೆ ತಿನ್ನೋಕೆ ಶುರು ಮಾಡಿತು. ಅಲ್ಲೇ ನೀರು ಹಿಡಿಯುತ್ತಿದ್ದ ಜಯಮ್ಮಕ್ಕನ ಮಗಳು ಮಂಜುಳ ಬಾಯಿಗೆ ದುಪ್ಪಟ್ಟ ಅಡ್ಡ ಇಟ್ಟುಕೊಂಡು ಬಿಂದಿಗೆ ಬಿಟ್ಟು ಓಡಿದಳು.

ನಕ್ಕರೇನು? ಕಾಯಿ ಒಡೆದಾಗಿತ್ತು. ಚಂದ್ರಿಕೆಗಳೆಲ್ಲ ನಮ್ಮ ಅಂಗಳಕ್ಕೆ ಬಂದವು. ಅವನ್ನು ಪೇರಿಸಿ, ಮೇಲೊಂದು ಹಲಗೆ ಹಾಕಿ, ಅತ್ತೆ ಎಲೆಅಡಿಕೆ ಚೀಲ ಸಮೇತ ಹತ್ತಿ ಕೂತರು. ಸಿಂಹಾಸನಕ್ಕಿಂತ ಕಮ್ಮಿ ಏನಲ್ಲ.

ನಮ್ಮ ಹುಳ? ಫ್ಯಾನ್ ಗಾಳಿಯಲ್ಲಿ ತಿಂತಾನೇ ಇದ್ದವು.

ಮಧ್ಯಾಹ್ನ ಊಟದ ಹೊತ್ತಿಗೆ ಎದುರು ಮನೆಯಲ್ಲಿ ಗಲಾಟೆ ಶುರುವಾಯಿತು. ಜಯಮ್ಮಕ್ಕನ ಹುಳ ಹಣ್ಣಾಗಿದ್ದವು. ಒಂದೆರಡಲ್ಲ, ಮನೆ ತುಂಬ, ಒಟ್ಟಿಗೇ. ತಾಯಿ ಮಗಳು ಒಳಗೂ ಹೊರಗೂ ಓಡಾಡೋಕೆ ಶುರು ಮಾಡಿದರು. ಒಣಗಿದ ಅವರೆಗಿಡ ಬಂತು. ತೆಂಗಿನ ಗರಿ ಬಂತು. ಕಡ್ಡಿಪೊರಕೆ ಬಂತು. ಕೊನೆಗೆ ಮಂಜುಳ ಮಂಚದ ಮೇಲಿನ ಸೊಳ್ಳೆಪರದೆಯನ್ನೂ ಬಿಚ್ಚಿ ತಂದಳು. ಅದರ ಮೇಲೆ ಬಿಟ್ಟ ಹುಳ ಜಾರಿ ಜಾರಿ ನೆಲಕ್ಕೆ ಬೀಳ್ತಿದ್ದವು. ನೆಲದಲ್ಲಿ ಬಿದ್ದಲ್ಲೇ ಕೆಲವು ನೂಲು ಎಳೆಯೋಕೂ ಶುರು ಮಾಡಿದ್ದವು.

ಹೋದ ಸಲದ ಬೆಳೆಯನ್ನ ಜಯಮ್ಮಕ್ಕ ಸುಣ್ಣಕಟ್ಟು ರೋಗದಲ್ಲಿ ಪೂರ್ತಿ ಕಳಕೊಂಡಿದ್ದರು. ಹುಳ ಬೆಳ್ಳಗೆ ಸೀಮೆಸುಣ್ಣದ ಹಾಗೆ ಸೆಟೆದು ಹೋಗೋ ಕಾಯಿಲೆ ಅದು. ಮಂಜುಳಾಗೆ ನರ್ಸಿಂಗ್ ಸೀಟು ಸಿಕ್ಕಿದೆ. ಫೀಸು ಈ ಬೆಳೆಯಲ್ಲೇ ಬರಬೇಕು. ಇಲ್ಲದಿದ್ದರೆ ಬಿಡದಿಯ ಗಾರ್ಮೆಂಟ್ಸ್‌ಗೆ ಸೇರೋದು ಅಂತ ಆ ಹುಡುಗಿಯೇ ನನಗೆ ಹೇಳಿದ್ದಳು. ಇದು ಬೀದಿಗೆಲ್ಲ ಗೊತ್ತು. ಅತ್ತೆಗೂ ಗೊತ್ತು.

ನಾನು ಬಾಗಿಲಿಗೆ ಬಂದೆ. ಜಯಮ್ಮಕ್ಕ ಅಂಗಳದಲ್ಲಿ ಪೊರಕೆ ಹಿಡಿದು ನಿಂತಿದ್ದವರು ಒಂದು ಸಲ ಚಂದ್ರಿಕೆ ಕಡೆ ನೋಡಿದರು. ಆಮೇಲೆ ನನ್ನ ಕಡೆ. ಕೇಳ್ತಾರೇನೋ ಅಂದುಕೊಂಡೆ. ಕೇಳಲಿಲ್ಲ.

‘ಏನ್ ಮಾಡಾದು ಬುಡು ತಾಯಿ. ನಿಮ್ಮತ್ತೆ ಮೊದ್ಲು ಕಾಯಿ ಒಡ್ದವ್ರೆ. ಒಡ್ದೋರ್ಗೆ ಸೇರ್ಬೇಕು’ ಅಂದರು. ಅಂದು, ಒಳಗೆ ಹೋದರು.

ಬೈದಿದ್ದರೆ ಚೆನ್ನಾಗಿತ್ತು. ನಿಯಮ ಪಾಲಿಸೋ ಶತ್ರು ಇದಾರಲ್ಲ, ಅವರಷ್ಟು ಹಿಂಸೆ ಕೊಡೋರು ಯಾರೂ ಇಲ್ಲ.

ಸರಿ, ಕೊಡಬೇಕು. ಅನುಮಾನವೇ ಇಲ್ಲ. ಆದರೆ ನಮ್ಮ ಹುಳ ಸಾಯಂಕಾಲವೇ ಹಣ್ಣಾದರೆ? ಒಂದು ಸಲ ಹುಳ ಬಿಟ್ಟ ಚಂದ್ರಿಕೆ ಗೂಡು ಬಿಡಿಸೋ ತನಕ ವಾಪಸ್ ಬರಲ್ಲ. ನಾನೂ ಬೆಳಗಿನ ಜಾವ ಎದ್ದು ಸೊಪ್ಪು ಕೊಯ್ದಿದ್ದೀನಿ ಸ್ವಾಮಿ. ಬೆನ್ನು ಬಿದ್ದುಹೋಗಿದೆ. ಯಜಮಾನರಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಶಿಫ್ಟ್ ಮುಗಿಯೋ ತನಕ ಅವರ ಫೋನು ಲಾಕರ್‌ನಲ್ಲಿರುತ್ತೆ. ಅದು ನನಗೆ ಗೊತ್ತು. ಗೊತ್ತಿದ್ದೂ ಮತ್ತೆ ಮಾಡಿದೆ.

ಆಮೇಲೆ ಅತ್ತೆಯನ್ನ ನೋಡಿದೆ. ಸಿಂಹಾಸನದ ಮೇಲೆ ಅಡಿಕೆ ಕತ್ತರಿಸ್ತಾ ಕೂತಿದ್ದರು. ನನಗೆ ಒಂಥರಾ ಸಮಾಧಾನ ಆಯಿತು. ನನಗೇನೋ ಕೊಡೋ ಮನಸ್ಸಿದೆ, ಅತ್ತೆ ಬಿಡಬೇಕಲ್ಲ? ಹಟಮಾರಿ ಹೆಂಗಸು. ಒಂದು ಕೋಳಿಮರಿಗೆ ಇಷ್ಟು ವರ್ಷ ಮಾತು ಬಿಟ್ಟೋರು. ಅವರನ್ನ ಎಬ್ಬಿಸೋಕಾಗುತ್ತಾ? ವಯಸ್ಸಾದವರು ಬೇರೆ.

ಈ ಅಂಕಣದಲ್ಲೇ ಒಮ್ಮೆ ಬರೆದಿದ್ದೆ, ನೆನಪಿರಬಹುದು ನಿಮಗೆ. ರಾಮನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಓನರ್ರು, ‘ನಂಗೇನೂ ಇಲ್ಲಮ್ಮ, ಯಾರು ಏನು ತಿಂದರೆ ನಂಗೇನು? ನಮ್ಮನೆಯವರು ಒಪ್ಪಲ್ಲ’ ಅಂದಿದ್ದರು. ಮನೆಯವರನ್ನ ಕೇಳಿದರೆ ‘ನಂದೇನಿಲ್ಲ, ಯಜಮಾನರೇ ಸ್ಟ್ರಿಕ್ಟು’ ಅಂದರು. ಹೆಣ್ಣು ನೋಡೋಕೆ ಬಂದವರದ್ದೂ ಇದೇ ಕಥೆ. ‘ನಮಗೆ ಒಂದು ಕಡ್ಡಿಯೂ ಬೇಡ, ಹುಡುಗನ ಸೋದರಮಾವ ಒಬ್ಬರು ಕೇಳ್ತಾರೆ.’ ಆಫೀಸಿಗೆ ಹೋದರೆ ‘ನಾನು ಇವತ್ತೇ ಮಾಡಿಕೊಡ್ತಿದ್ದೆ, ಮೇಲಿನವರು...’ ಯಾರು ಈ ಮೇಲಿನವರು? ಯಾರು ಈ ಸೋದರಮಾವ? ಯಾರಾದರೂ ಕಣ್ಣಾರೆ ಕಂಡಿದ್ದೀರಾ? ಎಲ್ಲರೂ ಒಳ್ಳೆಯವರೇ, ಕೆಟ್ಟವನು ಮಾತ್ರ ಯಾವಾಗಲೂ ಒಳಕೋಣೆಯಲ್ಲಿ ಇರ್ತಾನೆ. ಅಂಥ ಜನರನ್ನ ಕಂಡರೆ ನನಗೆ ಮೈ ಉರಿಯುತ್ತೆ ಅಂತ ಆಗ ಚೆನ್ನಾಗಿ ಬಾರಿಸಿದ್ದೆ.

ಇಲ್ಲಿ ಹಾಗಲ್ಲ. ನಮ್ಮತ್ತೆ ನಿಜವಾಗಿಯೂ ಅಂಗಳದಲ್ಲಿ ಕೂತಿದ್ದರು. ಬೇಕಾದರೆ ಬಂದು ನೋಡಬಹುದಿತ್ತು.

ಅಷ್ಟರಲ್ಲಿ ಎದುರುಗಡೆ ಮಂಜುಳ ಸೊಳ್ಳೆಪರದೆ ಎತ್ತಿ ಕಟ್ಟೋಕೆ ಹೋದಳು. ಒಂದಿಷ್ಟು ಹುಳ ಬುಳಬುಳ ಅಂತ ಕೆಳಗೆ ಬಿದ್ದವು. ಹುಡುಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅಳೋಕೆ ಶುರು ಮಾಡಿದಳು. ಅತ್ತೆಯ ಅಡಕತ್ತರಿ ನಿಂತಿತು.

‘ಥೂ, ಮೈಯೆಲ್ಲಾ ಕೆರೀತೈತೆ’ ಅಂತ ಹಲಗೆಯಿಂದ ಇಳಿದರು. ‘ಒಸಿ ನೀರ್ ಹುಯ್ಕೊಂಡ್ ಬತ್ತೀನಿ.’

‘ಬೆಳಗ್ಗೆ ಪೂಜೆಗೆ ಮಾಡಿದ್ರಲ್ಲ ಅತ್ತೆ, ಸ್ನಾನ?’

‘ಇನ್ನೊಂದ್ ಕಿತ ಮಾಡ್ಬಾರ್ದು ಅಂತ ಕಾನೂನೈತಾ? ಬಚ್ಚಲಿಗೋದ್ರೆ ಆಚೆ ಏನ್ ನಡೀತೈತೆ ಅಂತ ನಂಗೊತ್ತಾಗಾಕಿಲ್ಲ. ಕಿವೀನೂ ಮಂದ.’

ನಮ್ಮತ್ತೆಯ ಕಿವಿ ಮಂದ? ಫೋನಿನಲ್ಲಿ ನನ್ನ ತಾಯಿ ಆ ಕಡೆಯಿಂದ ಪಿಸುಗುಟ್ಟಿದ್ದು ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡಿರೋ ಕಿವಿ ಅದು.

ಬಚ್ಚಲ ಬಾಗಿಲು ಹಾಕಿಕೊಂಡಿತು. ಚೊಂಬು ಹಂಡೆಗೆ ಬಡಿಯೋ ಸದ್ದು, ನೀರು ಸುರಿಯೋ ಸದ್ದು. ನಾನು ಚಂದ್ರಿಕೆ ಪಕ್ಕ ನಿಂತಿದ್ದೆ. ಏನು ಮಾಡ್ತಿದ್ದೆ ಅಂತ ಕೇಳಬೇಡಿ, ಯೋಚನೆ ಮಾಡ್ತಿದ್ದೆ. ಓದಿದೋರಿಗೆ ಅದೊಂದು ಚಟ. ಸದ್ದು ನಿಂತಿತು. ಇನ್ನೇನು ಬಂದುಬಿಡ್ತಾರೆ, ತೀರ್ಮಾನ ಮಾಡೋ ಕಷ್ಟ ತಪ್ಪಿತು ಅಂದುಕೊಳ್ಳೋಷ್ಟರಲ್ಲಿ ಬಚ್ಚಲಿಂದ ಕೂಗು ಬಂತು.

‘ಬಿಸ್ನೀರಿನ್ನೂ ಹಂಡೆ ತುಂಬ ಐತೆ ಕಣವ್ವ! ನಾನೀಗ್ಲೇ ಬರಾಕಿಲ್ಲ!’

ಅಯ್ಯೋ ದೇವರೇ! ಇದಕ್ಕಿಂತ ಬಿಡಿಸಿ ಹೇಳೋಕೆ ಬೋರ್ಡ್ ಮೇಲೆ ಬರೀಬೇಕಿತ್ತೇನೋ.

‘ಮಂಜುಳಾ! ಬಾರೇ, ಒಂದು ಕೈ ಹಿಡಿ’ ಅಂತ ಕೂಗಿದೆ. ಹುಡುಗಿ ಕಣ್ಣೊರೆಸಿಕೊಂಡು ಓಡಿ ಬಂದಳು. ಇಬ್ಬರೂ ಸೇರಿ ಚಂದ್ರಿಕೆಗಳನ್ನ ಎದುರು ಮನೆಗೆ ಸಾಗಿಸಿದೆವು. ಜಯಮ್ಮಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು.

ಹುಳ ಆರಿಸೋಕೆ ಶುರು ಮಾಡಿ ಸ್ವಲ್ಪ ಹೊತ್ತಾಗಿತ್ತು. ಬಾಗಿಲಲ್ಲಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡ ನಮ್ಮತ್ತೆ! ಅವರು ನೇರ ಒಳಗೆ ಬಂದು, ನಾನು ಹುಳ ಬಿಟ್ಟಿದ್ದ ಚಂದ್ರಿಕೆ ಮುಂದೆ ಕೂತು, ಹುಳವನ್ನೇ ಉದ್ದೇಶಿಸಿ ಮಾತಾಡಿದರು.

‘ಏನ್ರವ್ವ, ಇಷ್ಟೊಂದ್ ಒತ್ತಾಗಿ ಬುಟ್ಟವ್ರಲ್ಲ ನಿಮ್ಮನ್ನ. ಎರಡೆರಡು ಸೇರಿ ಜೋಡಿ ಗೂಡು ಕಟ್ಟಿದ್ರೆ ಮಾರ್ಕೆಟ್ನಾಗೆ ಯಾರ್ ತಕತಾರೆ?’

ಜಯಮ್ಮಕ್ಕ ಇನ್ನೊಂದು ಹುಳ ಎತ್ತಿ ಅದಕ್ಕೆ ಹೇಳಿದರು, ‘ಪೇಟೆಯೋರು ಬುಟ್ಟಿರಾದು ಕಣವ್ವ. ನಾನಲ್ಲ.’

ಪೇಟೆಯೋಳು ನಾನು. ಸಾಯಂಕಾಲದ ತನಕ ಇಬ್ಬರೂ ಹೀಗೇ ಹುಳಗಳ ಮೂಲಕ ಮಾತಾಡಿದರು. ಕೋಳಿಮರಿ ವಿಷಯವೂ ಒಂದು ಸಲ ಬಂತು. ಹುಳಗಳು ಯಾರ ಪರವೂ ವಹಿಸಲಿಲ್ಲ.

ಮಾರನೇ ದಿನ ನಮ್ಮ ಹುಳ ಹಣ್ಣಾದವು. ಚಂದ್ರಿಕೆ ಇಲ್ಲ. ಜಯಮ್ಮಕ್ಕ ಅವರೆಗಿಡ, ಗರಿ, ಪೊರಕೆ, ಸೊಳ್ಳೆಪರದೆ ಅಷ್ಟನ್ನೂ ಹೊತ್ತು ತಂದರು. ನಂಜಪ್ಪನವರನ್ನು ಬಿಟ್ಟು ಬೀದಿಯವರೆಲ್ಲ ಆರಿಸೋಕೆ ಬಂದರು. ಸಿಕ್ಕಿದ್ದರ ಮೇಲೆಲ್ಲ ಹುಳ ಬಿಟ್ಟೆವು. ಶಿಫ್ಟ್ ಮುಗಿಸಿ ಬಂದ ನಮ್ಮೆಜಮಾನ್ರು ತಲೆಯಿಂದ ತೆಗೆದಿಟ್ಟ ಹೆಲ್ಮೆಟ್‌ನಲ್ಲೂ ಎರಡು ಹುಳ ಸೇರಿಕೊಂಡವು.

‘ಯಾರನ್ನ ಕೇಳಿ ಕೊಟ್ಟೆ?’ ಅಂತ ನನ್ನ ಮೇಲೆ ಹಾರಾಡಿದರು.

‘ನಂಗೇನ್ ಗೊತ್ತಪ್ಪ? ನಾನು ಸ್ನಾನಕ್ಕೋಗಿದ್ದೆ’ ಅಂದರು ಅತ್ತೆ, ಯಾರೂ ಅವರನ್ನ ಕೇಳದೆ ಇದ್ದರೂ.

ಬೆನ್ನಿಗೆ ಕುಂಕುಮ ಇದ್ದ ಹುಳ ಎಲ್ಲಕ್ಕಿಂತ ಕೊನೆಗೆ ಹಣ್ಣಾಯಿತು.

ನಷ್ಟ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಆಯಿತು. ನೆಲಕ್ಕೆ ಬಿದ್ದದ್ದು, ಪೊರಕೆಗೆ ಅಂಟಿದ್ದು, ಜೋಡಿ ಗೂಡು ಎಲ್ಲ ಕಳೆದು ಉಳಿದದ್ದನ್ನ ರಾಮನಗರದ ಮಾರ್ಕೆಟ್ಟಿಗೆ ತಗೊಂಡು ಹೋದೆವು. ಗೂಡು ಕೊಂಡು ನೂಲು ತೆಗೆಸೋ ರೀಲರ್ ಸಾಹೇಬರೊಬ್ಬರು ನಮ್ಮದೊಂದು ಗೂಡು ಎತ್ತಿ ತಿರುಗಿಸಿ ನೋಡಿದರು. ಅದರ ಒಂದು ಪಕ್ಕ ಚಪ್ಪಟೆ, ಮೇಲೆ ಚೌಕ ಚೌಕ ಗುರುತು. ‘ಕ್ಯಾ ಮೇಡಂ, ಸೊಳ್ಳೆಪರದೆ ಒಳಗೆ ಮಲಗ್ಸಿದ್ರಾ ಇವ್ರನ್ನ?’ ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಪಕ್ಕದ ತೊಟ್ಟಿಯಲ್ಲಿ ಜಯಮ್ಮಕ್ಕನ ಗೂಡು ಹೊಳೀತಾ ಬಿದ್ದಿತ್ತು. ಒಳ್ಳೆ ರೇಟಿಗೇ ಹೋಯಿತು. ಮಂಜುಳ ಕಾಲೇಜಿಗೆ ಸೇರಿದಳು.

ಸುದ್ದಿ ಹರಡಿತು. ಮೊದಲು ಹಾರಾಡಿದ ನಮ್ಮೆಜಮಾನ್ರೇ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ‘ನನ್ ಹೆಂಡ್ತಿ ಇದಾಳಲ್ಲ...’ ಅಂತ ಶುರು ಹಚ್ಚಿಕೊಂಡರು. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ‘ಮೇಡಂ, ನಿಮ್ಮಂಥೋರು ಸಿಗಲ್ಲ ಬಿಡಿ’ ಅಂದರು. ಚಿಕ್ಕಪ್ಪ ಕೋಡಿಹಳ್ಳಿಯಿಂದ ಫೋನ್ ಮಾಡಿ ಹೊಗಳಿದರು. ನಾನೂ ಬೇಡ ಅನ್ನಲಿಲ್ಲ. ಕಥೆಯಿಂದ ಬಿಸಿನೀರಿನ ಭಾಗ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಹೋಗ್ತಾ ಬಂತು. ಉದ್ದ ಆಗುತ್ತೆ ನೋಡಿ, ಅದಕ್ಕೆ.

ಕಳೆದ ಭಾನುವಾರ ಊರಿಗೆ ಹೋಗಿದ್ದಾಗ ಅತ್ತೆಗೂ ಹೇಳಿದೆ. ‘ಅತ್ತೆ, ಜಯಮ್ಮಕ್ಕನ ಬೆಳೆ ನಾನು ಉಳಿಸಿದ್ದನ್ನ ಈ ಸಲ ಪೇಪರಿನಲ್ಲಿ ಬರೀತಿದ್ದೀನಿ.’

ಅತ್ತೆ ವೀಳ್ಯದೆಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಚಿ ಬಾಯಿಗೆ ಇಟ್ಟುಕೊಂಡರು.

‘ಬರಿ, ಬರಿ. ಚೆಂದಾಗಿ ಬರಿ. ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ನಾನು ಅವತ್ತು ಸ್ನಾನಕ್ ಏಳ್ದೆ ಅಲ್ಲೇ ಕುಂತಿದ್ದಿದ್ರೆ, ನನ್ನ ಎಬ್ಬಿಸಿ ಕೊಟ್ಬುಡ್ತಿದ್ಯಾ?’